ಮೆಕ್ಯಾನೋ ಜನಕ ಫ್ರಾಂಕ್ ಹಾರ್ನ್‌ಬಿ

ಕಳೆದ ಮಳೆಗಾಲಕ್ಕೆ ಮುಂಚೆ ಅಟ್ಟ ಗುಡಿಸುವಾಗ ನಮಗೊಂದು ಹಳೆಯ ಪೆಟ್ಟಿಗೆ ಸಿಕ್ಕಿತು. ನಾವು ಐದನೆಯ ತರಗತಿಯಲ್ಲಿದ್ದಾಗ ಬೊಂಬಾಯಿಯಿಂದ ರಜೆಯಲ್ಲಿ ಬಂದ ಸೋದರಮಾವ ತಂದುಕೊಟ್ಟ ಮೆಕ್ಯಾನೋ ಪೆಟ್ಟಿಗೆ ಅದು. ಮುಚ್ಚಳ ತೆಗೆದರೆ ಒಳಗೆಲ್ಲ ತುಕ್ಕು. ಗುಜರಿಯವನಿಗೆ ಕೊಟ್ಟುಬಿಡೋಣವೆಂದು ಮನೆಯಲ್ಲಿ ಮಾತಾಯಿತು. ಅಷ್ಟರಲ್ಲಿ ನಾಲ್ಕನೆಯ ತರಗತಿಯ ಮಗ ತೂತುಗಳಿದ್ದ ಪಟ್ಟಿಯೊಂದನ್ನು ಎತ್ತಿಕೊಂಡು ಇದನ್ನು ಮಾಡಿದವರು ಯಾರೆಂದು ಕೇಳಿದ. ಅಂದು ನಮಗೆ ಉತ್ತರ ತಿಳಿದಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುತ್ತಿದ್ದೇವೆ.

ಇಂಗ್ಲೆಂಡಿನ ಪಶ್ಚಿಮ ಭಾಗದಲ್ಲಿ ಲಿವರ್‌ಪೂಲ್ ಎಂಬ ದೊಡ್ಡ ಬಂದರು ಪಟ್ಟಣವಿದೆ. ಫ್ರಾಂಕ್ ಹಾರ್ನ್‌ಬಿಯವರು ಅಲ್ಲಿ 1863ನೇ ಇಸವಿ ಮೇ 15ರಂದು ಜನಿಸಿದರು. ತಂದೆ ಜಾನ್ ಹಾರ್ನ್‌ಬಿಯವರದು ದಿನಸಿ ವ್ಯಾಪಾರ. ಹದಿನಾರನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಫ್ರಾಂಕ್ ತಂದೆಯ ಅಂಗಡಿಯಲ್ಲೇ ಹಣಕಾಸು ನೋಡಿಕೊಳ್ಳುವ ಕೆಲಸಕ್ಕೆ ನಿಂತರು. ಯಂತ್ರಶಾಸ್ತ್ರವನ್ನು ಅವರು ಯಾವ ಕಾಲೇಜಿನಲ್ಲೂ ಕಲಿತವರಲ್ಲ. 1887ರಲ್ಲಿ ಕ್ಲಾರಾ ಎಂಬ ಶಾಲಾ ಶಿಕ್ಷಕಿಯನ್ನು ವಿವಾಹವಾದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1899ರಲ್ಲಿ ತಂದೆ ತೀರಿಕೊಂಡರು, ಅಂಗಡಿಯೂ ಮುಚ್ಚಿತು. ಹಾರ್ನ್‌ಬಿಯವರು ಮಾಂಸ ಆಮದು ಮಾಡುತ್ತಿದ್ದ ಡೇವಿಡ್ ಎಲಿಯಟ್ ಎಂಬವರಲ್ಲಿ ಲೆಕ್ಕ ಬರೆಯುವ ಗುಮಾಸ್ತರಾಗಿ ಸೇರಿದರು.

ಹಗಲೆಲ್ಲ ಲೆಕ್ಕ ಬರೆದು ಮನೆಗೆ ಬಂದವರು ಬಿಡುವಿನಲ್ಲಿ ಮಕ್ಕಳಾದ ರೋಲಂಡ್ ಮತ್ತು ಡಗ್ಲಸ್‌ಗಾಗಿ ಲೋಹದ ತಗಡು ಕತ್ತರಿಸಿ ಸೇತುವೆ, ಬಂಡಿ, ಕ್ರೇನುಗಳನ್ನು ಮಾಡಿಕೊಡುತ್ತಿದ್ದರು. ನಮ್ಮ ಕಡೆ ತಂದೆಯಾದವರು ಮಡಲಿನ ಕೊತ್ತಳಿಗೆಯಿಂದ ಕ್ರಿಕೆಟ್ ದಾಂಡು ಕೆತ್ತಿಕೊಡುವುದಿಲ್ಲವೇ, ಹಾಗೆ. ಆದರೆ ಇಲ್ಲೊಂದು ತೊಡಕಿತ್ತು. ಸೇತುವೆಗೆಂದು ಕತ್ತರಿಸಿದ ತುಂಡು ಸೇತುವೆಗೆ ಮಾತ್ರ ಹೊಂದುತ್ತಿತ್ತು. ಮಕ್ಕಳು ನಾಳೆ ಕ್ರೇನು ಬೇಕೆಂದರೆ ಪುನಃ ತಗಡು, ಪುನಃ ಕತ್ತರಿ. ಎಲ್ಲ ತುಂಡುಗಳಲ್ಲೂ ಒಂದೇ ಅಂತರದಲ್ಲಿ ತೂತು ಕೊರೆದು, ನಟ್ಟು ಬೋಲ್ಟುಗಳಿಂದ ಬಿಗಿದರೆ, ಬಿಚ್ಚಿದ ಮೇಲೆ ಅವೇ ತುಂಡುಗಳಿಂದ ಬೇರೊಂದನ್ನು ಕಟ್ಟಬಹುದಲ್ಲ? ರೈಲಿನಲ್ಲಿ ಹೋಗುವಾಗ ಕ್ರೇನೊಂದನ್ನು ಕಂಡು ಈ ಯೋಚನೆ ಹೊಳೆಯಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಅವರು ಗೊತ್ತುಮಾಡಿದ ಅಳತೆ ಬಹಳ ಸರಳ. ಪಟ್ಟಿಯ ಅಗಲ ಅರ್ಧ ಅಂಗುಲ, ತೂತಿನಿಂದ ತೂತಿಗೆ ಅಂತರ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಉದ್ದದ ಪಟ್ಟಿಯಾಗಲಿ, ಗಿಡ್ಡ ಪಟ್ಟಿಯಾಗಲಿ, ಮೂಲೆಗೆ ಹಾಕುವ ಕೋನವಾಗಲಿ ಈ ಲೆಕ್ಕ ತಪ್ಪಕೂಡದು. ಲೆಕ್ಕದ ಪುಸ್ತಕದಲ್ಲೇ ದಿನ ಕಳೆದವರಿಗಲ್ಲದೆ ಇಂತಹ ಶಿಸ್ತು ಬೇರೆ ಯಾರಿಗೆ ಬಂದೀತು ಎಂದು ನಮಗೆ ತೋರುತ್ತದೆ.

ಪೇಟೆಂಟು ಪಡೆಯಲು ಕೈಯಲ್ಲಿ ಹಣವಿರಲಿಲ್ಲ. ಧಣಿ ಎಲಿಯಟ್ ಅವರಿಂದ 5 ಪೌಂಡು ಸಾಲ ಪಡೆದು 1901ರಲ್ಲಿ ತಮ್ಮ ಆಟಿಕೆಗೆ ಪೇಟೆಂಟು ಮಾಡಿಸಿದರು. ಕಚೇರಿಯ ಪಕ್ಕದಲ್ಲೇ ಖಾಲಿಯಿದ್ದ ಜಾಗವನ್ನೂ ಎಲಿಯಟ್ ಅವರೇ ಬಿಟ್ಟುಕೊಟ್ಟು ಪಾಲುದಾರರಾದರು. ಗುಮಾಸ್ತನ ಹುಚ್ಚಿಗೆ ಜಾಗ ಕೊಡುವ ಧಣಿಗಳು ಎಷ್ಟು ಮಂದಿ ಸಿಕ್ಕಾರು! ಆಟಿಕೆಗೆ ಮೊದಲು ಇಟ್ಟ ಹೆಸರಿನ ಅರ್ಥ, ಸುಲಭ ಯಂತ್ರವಿದ್ಯೆ ಎಂದು. ಡಬ್ಬಿಯೊಳಗೆ 16 ಬಗೆಯ ಬಿಡಿಭಾಗಗಳು, 12 ಮಾದರಿಗಳನ್ನು ಕಟ್ಟುವ ವಿವರದ ಹಾಳೆ. ವ್ಯಾಪಾರ ಮಾತ್ರ ಕುಂಟುತ್ತ ಸಾಗಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಯಂತ್ರಶಾಸ್ತ್ರ ಪ್ರಾಧ್ಯಾಪಕ ಹೀಲ್-ಶಾ ಅವರ ಮೆಚ್ಚುಗೆ ದೊರೆತ ಮೇಲೆ ಅಂಗಡಿಯವರು ತಿರುಗಿ ನೋಡಿದರು. ಮೊದಲ ಸ್ವಲ್ಪ ಲಾಭ ಕಂಡದ್ದು 1906ರಲ್ಲಿ. 1907ರಲ್ಲಿ ಮೆಕ್ಯಾನೋ ಎಂಬ ಹೆಸರನ್ನು ನೋಂದಾಯಿಸಲಾಯಿತು.

ಆಮೇಲಿನ ಕಥೆ ಏಳಿಗೆಯದು. 1914ರಲ್ಲಿ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ, 1916ರಲ್ಲಿ ಮಕ್ಕಳಿಗಾಗಿ ಪತ್ರಿಕೆ, 1920ರಲ್ಲಿ ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲು, 1934ರ ಹೊತ್ತಿಗೆ ಅಂಗೈಯೊಳಗಿನ ಡಿಂಕಿ ಕಾರು. 1931ರಿಂದ 1935ರವರೆಗೆ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದರು. ಜಾಹೀರಾತುಗಳಲ್ಲೆಲ್ಲ ಗಂಡುಹುಡುಗರನ್ನೇ ಕುರಿತು ಬರೆಯುತ್ತಿದ್ದರೆಂಬುದು ನಮಗೆ ಸರಿಕಾಣದ ಸಂಗತಿ. ನಮ್ಮ ಮನೆಯಲ್ಲಿ ನಟ್ಟು ಗಟ್ಟಿಯಾಗಿ ಬಿಗಿಯುವವಳು ಎಂಟನೆಯ ತರಗತಿಯ ಮಗಳು.

ಈ ಆಟಿಕೆ ದೊಡ್ಡವರ ಕೈಯಲ್ಲೂ ಕೆಲಸ ಮಾಡಿತು. 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕ ಹಾರ್ಟ್ರೀ ಮತ್ತು ಅವರ ಶಿಷ್ಯ ಆರ್ಥರ್ ಪೋರ್ಟರ್ ಹೆಚ್ಚಾಗಿ ಮೆಕ್ಯಾನೋ ಭಾಗಗಳನ್ನೇ ಬಳಸಿ, ಕಠಿಣ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ಕಟ್ಟಿದರು.

1936ರ ಸೆಪ್ಟೆಂಬರ್ 21ರಂದು ಹಾರ್ನ್‌ಬಿಯವರು ನಿಧನರಾದರು. ಯಾವ ಮಗುವಿಗಾಗಿ ಮೊದಲ ತಗಡು ಕತ್ತರಿಸಿದ್ದರೋ ಆ ರೋಲಂಡ್ ಅವರೇ ಕಂಪನಿಯ ಅಧ್ಯಕ್ಷರಾದರು. 1964ರಲ್ಲಿ ಕಂಪನಿ ಬೇರೆಯವರ ಕೈಸೇರಿತು. 1979ರಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆಗೂ ಬೀಗ ಬಿತ್ತು. ಆದರೆ ಅರ್ಧ ಅಂಗುಲದ ಲೆಕ್ಕ ಉಳಿದುಕೊಂಡಿತು. ತಾತನ ಕಾಲದ ಪಟ್ಟಿಗೆ ಮೊಮ್ಮಗನ ಕಾಲದ ಪಟ್ಟಿ ತೂತಿಗೆ ತೂತು ಕೂಡುತ್ತದೆ. ಆದುದರಿಂದಲೇ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಕಾಗಿಲ್ಲ.

ನಾವು ಮಾಡಿದ ಕೆಲಸವನ್ನು ಪೋಷಕರಿಗಾಗಿ ಹೇಳುತ್ತೇವೆ. ಬಣ್ಣವಿರುವ ಪಟ್ಟಿಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಕೂಡಲೇ ಒರೆಸಿ ಬಿಸಿಲಿಗಿಟ್ಟೆವು. ಸೊಟ್ಟಗಾದವನ್ನು ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದೆವು. ಕಬ್ಬಿಣದ ಸುತ್ತಿಗೆ ಬಣ್ಣ ಹಾರಿಸುತ್ತದೆ. ಹಲ್ಲುಚಕ್ರಗಳು ಹಿತ್ತಾಳೆಯವು, ಅವಕ್ಕೆ ದೀಪ ಬೆಳಗುವ ಹುಣಸೆಹುಳಿಯೇ ಸಾಕಾಯಿತು. ಕಚ್ಚಿಕೊಂಡ ಬೋಲ್ಟುಗಳನ್ನು ಚಿಮಿಣಿ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿದೆವು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದನ್ನು ಉಜ್ಜಿ ಪುಡಿ ಹಾರಿಸಬಾರದು, ಆಡಿದ ಮೇಲೆ ಮಕ್ಕಳು ಕೈ ತೊಳೆಯಬೇಕು. ಕಳೆದುಹೋದ ಬೋಲ್ಟುಗಳ ಬದಲು ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ 4 ಮಿಲಿಮೀಟರಿನವು ತಂದೆವು. ಅವು ತೂತಿನಲ್ಲಿ ತೂರುತ್ತವೆ, ಆದರೆ ಮರೆ ಬೇರೆಯಾದ್ದರಿಂದ ಹಳೆಯ ನಟ್ಟು ಕೂಡುವುದಿಲ್ಲ. ಇದು ಗೊತ್ತಾಗದೆ ನಾವು ಎರಡು ಸಲ ಪೇಟೆಗೆ ನಡೆದೆವು. ಬೋಲ್ಟಿನೊಂದಿಗೆ ನಟ್ಟನ್ನೂ ಜೊತೆಯಾಗಿಯೇ ತರಬೇಕು.

ಮಕ್ಕಳು ಮೊದಲು ಕಟ್ಟಿದ್ದು ಕ್ರೇನು. ಒಂದು ರಾಟೆ ಸಿಗಲೇ ಇಲ್ಲ; ಮಗಳು ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ನೂಲಿನ ಉಂಡೆಯ ಖಾಲಿ ಸುರುಳಿಯನ್ನು ಹಾಕಿದಳು. ಅದು ಜಗಲಿಯಿಂದ ಒಂದು ನಿಂಬೆಕಾಯಿಯನ್ನು ಎತ್ತಿತು. ಕಳೆದ ತಿಂಗಳು ಮಾವನವರು ಬಂದಿದ್ದರು. ಈಗ ಅವರಿಗೆ ಕಣ್ಣು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಕ್ರೇನನ್ನು ಮಡಿಲಲ್ಲಿಟ್ಟು ಬೆರಳಿನಿಂದ ಸವರಿ ನೋಡಿ, ಬುಡದ ನಟ್ಟೊಂದು ಸಡಿಲವಾಗಿದೆಯೆಂದು ಹೇಳಿ, ಮಗನ ಕೈಯಿಂದ ಸ್ಪ್ಯಾನರ್ ಕೇಳಿ ತೆಗೆದುಕೊಂಡರು.