ಸೌಟು ಹಿಡಿದ ಕೈಗೆ ಹೋಟೆಲಿನ ಯಜಮಾನಿಕೆ: ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು

ತಲ್ಲೂರು: ಅಂಗಡಿ, ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಗಲ್ಲಾದಲ್ಲಿ ಕೂತು ವ್ಯವಹಾರ ನೋಡಿಕೊಳ್ಳುವ ಹೊತ್ತು ಬರುತ್ತದೆ. ಕೆಲಸ ಮಾಡಿ ಗೊತ್ತು, ಬೇರೆಯವರ ಕೈಲಿ ಮಾಡಿಸಿ ಗೊತ್ತಿಲ್ಲ. ನಮ್ಮ ಕಡೆಯವರೇ ಆದ ಯಜ್ಞನಾರಾಯಣ ಮಯ್ಯರಿಗೂ ಹೀಗೇ ಆಯ್ತು.

ತಲ್ಲೂರಿನಿಂದ ಹೆದ್ದಾರಿ ಹಿಡಿದು ಕುಂದಾಪುರ, ಕೋಟ ದಾಟಿದರೆ ಸಾಲಿಗ್ರಾಮ. ಅದರ ಹತ್ತಿರದ ಊರು ಪಾರಂಪಳ್ಳಿ. 1920ರ ಸುಮಾರಿಗೆ ಅಲ್ಲಿಯ ಮಯ್ಯ ಸಹೋದರರಾದ ಪರಮೇಶ್ವರ, ಗಣಪ್ಪಯ್ಯ, ಯಜ್ಞನಾರಾಯಣ ಹೊಟ್ಟೆಪಾಡಿಗೆ ಬೆಂಗಳೂರು ಸೇರಿದರು. ದೊಡ್ಡವರ ಮನೆಗಳಲ್ಲಿ ಅಡುಗೆ ಕೆಲಸ ಮಾಡಿದರು. 1924ರಲ್ಲಿ ಪರಮೇಶ್ವರ ಮತ್ತು ಗಣಪ್ಪಯ್ಯ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ತೆರೆದರು. ಸಣ್ಣ ಹೋಟೆಲು, ಕಾಫಿ, ಇಡ್ಲಿ ಸಿಗುತ್ತಿತ್ತು.

1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡರು. ಆ ಮೇಲೆ ಯಜ್ಞನಾರಾಯಣರು ಹೋಟೆಲಿಗೆ ಬಂದರು. ಬರಬರುತ್ತಾ ಜವಾಬ್ದಾರಿ ಅವರ ಹೆಗಲಿಗೇ ಬಿತ್ತು. ಅಡುಗೆ ಬಲ್ಲವರು ಈಗ ಸಾಮಾನು, ಲೆಕ್ಕ, ಕೆಲಸದವರು, ಗಿರಾಕಿ ಎಲ್ಲವನ್ನೂ ನೋಡಬೇಕಾಯ್ತು.

ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ಬರ ಬಂತು. ಅಕ್ಕಿ ಇಲ್ಲದೆ ಇಡ್ಲಿ ಹೋಟೆಲು ನಡೆಯುವುದು ಹೇಗೆ? ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಇವತ್ತು ಎಲ್ಲೆಡೆ ಸಿಗುವ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ ಅಂತ ಹೋಟೆಲಿನವರು ಹೇಳುತ್ತಾರೆ.

ಇಷ್ಟು ವರ್ಷ ಹೋಟೆಲು ನಡೆಸಿದರೂ ಕಲಿತದ್ದು ಸಾಕು ಅಂತ ಮಯ್ಯರು ಕೂರಲಿಲ್ಲ. 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡಿದರು. ಅಲ್ಲಿಯ ಸ್ವಚ್ಛತೆ, ಶಿಸ್ತು ಮನಸ್ಸಿಗೆ ನಾಟಿತು. ವಾಪಸ್ ಬಂದವರೇ ಲೋಟ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧ ಮಾಡಿಸತೊಡಗಿದರು. ಗಿರಾಕಿಗಳು ಅಡುಗೆಮನೆ ನೋಡುವಂತೆ ಮಾಡಿದರು. ಊಟ-ತಿಂಡಿಯ ಶಿಸ್ತಿನ ಬಗ್ಗೆ ಸಣ್ಣ ಪುಸ್ತಿಕೆಗಳನ್ನೂ ಹಂಚಿದರು. ಹೋಟೆಲಿಗೆ ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಹೊಸ ಹೆಸರು ಬಂತು. ಅದೇ ಎಂಟಿಆರ್. 1960ರಲ್ಲಿ ಲಾಲ್‌ಬಾಗ್ ಹತ್ತಿರದ ಈಗಿನ ಜಾಗಕ್ಕೆ ಬಂತು.

1968ರಲ್ಲಿ ಮಯ್ಯರು ತೀರಿಕೊಂಡರು. ನಮ್ಮ ದಿನಸಿ ಅಂಗಡಿಗಳಲ್ಲಿ ತೂಗುವ ಎಂಟಿಆರ್ ಪೊಟ್ಟಣಗಳು ಅವರ ನಂತರ ಬಂದವು.

ಕೆಲಸದವರನ್ನು ಬೈದು ಹದ ಮಾಡಬಹುದು ಅಂತ ಹೊಸ ಯಜಮಾನರಿಗೆ ಅನಿಸುವುದುಂಟು. ಮಯ್ಯರು ಮೊದಲು ತನ್ನ ಅಡುಗೆಮನೆಯ ಬಾಗಿಲನ್ನೇ ತೆರೆದಿಟ್ಟರು. ಹತ್ತು ಜನ ನೋಡುವಾಗ ಕೆಲಸದವರೂ ಸರಿಯಾಗಿರಬೇಕು, ಯಜಮಾನನೂ ಸರಿಯಾಗಿರಬೇಕು. ತಲ್ಲೂರು ಪೇಟೆಯಲ್ಲಿ ಹೊಸದಾಗಿ ಗಲ್ಲಾದಲ್ಲಿ ಕೂತವರಿಗೂ ಇದು ಉಪಯೋಗಕ್ಕೆ ಬರುವ ಮಾತೇ.