ಮುಚ್ಚಿದ ಕಣ್ಣಿಗೆ ಕಂಡ ಬೆಳಕು

ದೀಪವಾರಿದರೆ ಕತ್ತಲೆ, ರೆಪ್ಪೆ ಮುಚ್ಚಿದರೂ ಕತ್ತಲೆ. ಇದು ಎಲ್ಲರ ಅನುಭವ. ಆದರೆ ಕತ್ತಲೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತವನಿಗೂ ಬೆಳಕು ಕಾಣಬಹುದೆಂಬುದನ್ನು, ಅದಕ್ಕೆ ಕಾಂತಶಕ್ತಿಯೊಂದೇ ಸಾಕೆಂಬುದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ವಿಜ್ಞಾನಿ ಆರ್ಸೆನ್ ದಾರ್ಸೊನ್ವಾಲ್.

ದಾರ್ಸೊನ್ವಾಲ್ ಅವರು 1851ರ ಜೂನ್ 8ರಂದು ಲಿಮೂಸ್ಯಾಂ ಪ್ರಾಂತದಲ್ಲಿ ಜನಿಸಿದರು. ವೈದ್ಯಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾಗಲೇ ಅವರು ಪ್ಯಾರಿಸ್ಸಿನಲ್ಲಿ ಸುಪ್ರಸಿದ್ಧ ಶರೀರಶಾಸ್ತ್ರಜ್ಞ ಕ್ಲೋದ್ ಬರ್ನಾರ್ ಅವರ ಸಹಾಯಕರಾದರು. ದೇಹದ ವಿಷಯದಲ್ಲಿ ಯಾವ ಮಾತನ್ನೂ ಪ್ರಯೋಗದ ಒರೆಗೆ ಹಚ್ಚದೆ ಒಪ್ಪಬಾರದೆಂಬುದು ಬರ್ನಾರ್ ಅವರ ಬೋಧನೆಯ ಸಾರ. ಶಿಷ್ಯರು ಅದನ್ನು ಜೀವನವಿಡೀ ಪಾಲಿಸಿದರು.

ನರಗಳಲ್ಲಿಯೂ ಸ್ನಾಯುಗಳಲ್ಲಿಯೂ ಹರಿಯುವ ವಿದ್ಯುತ್ತು ಅತ್ಯಲ್ಪವಾದುದು. ಅದನ್ನು ಅಳೆಯಲು ಸೂಕ್ಷ್ಮವಾದ ಉಪಕರಣ ಬೇಕು. 1882ರಲ್ಲಿ ದಾರ್ಸೊನ್ವಾಲ್ ಅವರು ಮಾರ್ಸೆಲ್ ದೆಪ್ರೆ ಅವರೊಡನೆ ಸೇರಿ, ಕಾಯಂ ಅಯಸ್ಕಾಂತದ ಧ್ರುವಗಳ ನಡುವೆ ತಂತಿಯ ಸುರುಳಿಯನ್ನು ತೂಗುಬಿಟ್ಟು ಹೊಸ ಗ್ಯಾಲ್ವನಾಮೀಟರನ್ನು ರೂಪಿಸಿದರು. ಬೆಳಗಾವಿಯ ಶಹಾಪುರದಲ್ಲಾಗಲಿ, ಖಾನಾಪುರದಲ್ಲಾಗಲಿ, ಶಾಲೆಯ ಪ್ರಯೋಗಶಾಲೆಯಲ್ಲಿ ಸೂಜಿ ಓಲಾಡುವ ಗ್ಯಾಲ್ವನಾಮೀಟರ್ ಇದ್ದರೆ ಅದು ಈ ಉಪಕರಣದ ವಂಶಕ್ಕೇ ಸೇರಿದುದು.

1894ರಲ್ಲಿ ಅವರು ಕಾಲೇಜ್ ದ ಫ್ರಾನ್ಸ್ ಎಂಬ ವಿದ್ಯಾಪೀಠದ ಪ್ರಾಧ್ಯಾಪಕರಾದರು. ಎರಡು ವರ್ಷಗಳ ಬಳಿಕ, 1896ರಲ್ಲಿ, ಒಂದು ವಿಲಕ್ಷಣ ಪ್ರಯೋಗವನ್ನು ಮಾಡಿದರು. ಮನುಷ್ಯನ ತಲೆ ಹಿಡಿಸುವಷ್ಟು ದೊಡ್ಡ ಸುರುಳಿಯಲ್ಲಿ ಸುಮಾರು 30 ಆಂಪೇರ್ ಪರ್ಯಾಯ ವಿದ್ಯುತ್ತನ್ನು ಹರಿಸಿದರು. ಒಳಗೆ ತಲೆಯಿಟ್ಟವರಿಗೆ ಮಿಣುಕು ಬೆಳಕು ಕಾಣಿಸಿತು. ಕೆಲವರಿಗೆ ತಲೆ ಸುತ್ತಿತು.

ಇದನ್ನು ಸಾರುವುದು ಸುಲಭವಾಗಿರಲಿಲ್ಲ. ನೂರು ವರ್ಷಗಳ ಹಿಂದೆ ಅದೇ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯನು ಪ್ರಾಣಿಕಾಂತತ್ವದಿಂದ ರೋಗಗಳನ್ನು ಗುಣಪಡಿಸುವೆನೆಂದು ಹೇಳಿ ಜನರನ್ನು ಮರುಳುಮಾಡಿದ್ದನು. 1784ರಲ್ಲಿ ಅರಸನು ನೇಮಿಸಿದ ಸಮಿತಿಯು ಅಂಥ ಶಕ್ತಿಗೆ ಆಧಾರವಿಲ್ಲವೆಂದು ತೀರ್ಮಾನಿಸಿತ್ತು. ಅಂದಿನಿಂದ ಅಯಸ್ಕಾಂತಕ್ಕೂ ದೇಹಕ್ಕೂ ನಂಟು ಹೇಳುವವರ ಮೇಲೆ ಸಂಶಯ ಸಹಜವಾಗಿತ್ತು. ಅದರಲ್ಲಿಯೂ ಈ ಬೆಳಕು ಸುರುಳಿಯೊಳಗೆ ತಲೆಯಿಟ್ಟವನಿಗಲ್ಲದೆ ಪಕ್ಕದಲ್ಲಿ ನಿಂತವನಿಗೆ ಕಾಣದು. ಅದನ್ನು ನಂಬಿಸುವ ಬಗೆ ಹೇಗೆ? ದಾರಿ ಒಂದೇ: ಬೇರೆಯವರೂ ಪ್ರಯೋಗ ಮಾಡಿ ನೋಡಬೇಕು. 1910ರಲ್ಲಿ ಲಂಡನ್ನಿನ ಸಿಲ್ವೇನಸ್ ಥಾಂಪ್ಸನ್ ಅವರು 32 ಸುತ್ತುಗಳ ಸುರುಳಿಯಿಂದ ಇಂಥದೇ ಪ್ರಯೋಗ ನಡೆಸಿದರು. ಕಣ್ಣು ಮುಚ್ಚಿದ್ದಾಗಲೂ ಮಂದವಾದ, ಮಿಡಿಯುವ ಬೆಳಕು ಕಂಡಿತು. ದಾರ್ಸೊನ್ವಾಲರ ಮಾತು ನಿಜವಾಯಿತು.

ಇದರಲ್ಲಿ ಪವಾಡವೇನೂ ಇಲ್ಲ. ಬದಲಾಗುತ್ತಿರುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಂದು ಫ್ಯಾರಡೆ 1831ರಲ್ಲಿಯೇ ಕಂಡುಹಿಡಿದಿದ್ದರು. ನಮ್ಮ ದೇಹವೂ ಒಂದು ವಾಹಕವೇ. ಆ ಪ್ರಯೋಗಗಳಲ್ಲಿ ಪ್ರೇರಿತ ವಿದ್ಯುತ್ತು ಕೆರಳಿಸಿದ್ದು ಮುಖ್ಯವಾಗಿ ಕಣ್ಣಿನ ಅಕ್ಷಿಪಟಲವನ್ನು, ಮಿದುಳನ್ನಲ್ಲ ಎಂದು ಮುಂದಿನ ಸಂಶೋಧನೆಗಳು ತಿಳಿಸಿದವು. ಮಿದುಳನ್ನೇ ಮುಟ್ಟಲು ಹೆಚ್ಚು ಪ್ರಬಲವಾದ, ಕ್ಷಣಮಾತ್ರದ ಕಾಂತಸ್ಪಂದನ ಬೇಕಾಗಿತ್ತು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಅದನ್ನು ಸಾಧಿಸಿದರು. ತಲೆಯ ಹಿಂಭಾಗದಲ್ಲಿ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗಕ್ಕೆ ಸುರುಳಿ ಹಿಡಿದರೆ ಮಿಂಚು ಕಾಣುತ್ತದೆ. ಕಣ್ಣು ಕೆಟ್ಟು ಕುರುಡರಾದ ಕೆಲವರಿಗೂ ಅದು ಕಂಡಿದೆ. ಇಂದು ಖಿನ್ನತೆಯ ಚಿಕಿತ್ಸೆಗೆ ಈ ವಿಧಾನ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದರ ಪ್ರಯೋಜನ ಪಡೆಯಲಾಗುತ್ತಿದೆ.

ದಾರ್ಸೊನ್ವಾಲ್ ಅವರು 1940ರ ಡಿಸೆಂಬರ್ 31ರಂದು, ತಮ್ಮ 89ನೆಯ ವಯಸ್ಸಿನಲ್ಲಿ ನಿಧನರಾದರು. ತಾವು ಕಂಡ ಮಿಣುಕು ರೋಗಿಗಳಿಗೆ ನೆರವಾಗುವುದನ್ನು ನೋಡಲು ಅವರಿರಲಿಲ್ಲ. ನಗೆಗೀಡಾಗುವ ಭಯದಿಂದ ಅವರು ಕಂಡದ್ದನ್ನು ಮುಚ್ಚಿಡಲಿಲ್ಲ. ಇತರರು ಪರೀಕ್ಷಿಸಬಹುದಾದ ರೀತಿಯಲ್ಲಿ ಅದನ್ನು ಲೋಕದ ಮುಂದಿಟ್ಟರು. ಮೆಸ್ಮರನಿಗೂ ಅವರಿಗೂ ಇದ್ದ ಅಂತರ ಇದೇ.