ಮೀನಿಗೆ ಊರ ಹೆಸರನ್ನೇ ಉಳಿಸಿದ ಬುಕಾನನ್

ಕೋಲಾರ ಜಿಲ್ಲೆಯಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ ನನ್ನ ಮೇಜಿಗೊಂದು ವಿಚಿತ್ರ ಕಡತ ಬಂದಿತ್ತು. ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದ್ದ ಆಫ್ರಿಕನ್ ಕ್ಯಾಟ್‌ಫಿಶ್ ಮೀನನ್ನು ಮಾಲೂರು ಕಡೆಯ ಹೊಂಡವೊಂದರಲ್ಲಿ ಸಾಕಲಾಗುತ್ತಿದೆ ಎಂಬುದು ದೂರು. ಮಹಜರಿನಲ್ಲಿ ಇದ್ದದ್ದು ಕ್ಯಾಟ್‌ಫಿಶ್ ಎಂಬ ಒಂದೇ ಪದ. ತನ್ನದು ನಾಡಿನ ಮುರುಗೋಡು ಮೀನೆಂದು ಹೊಂಡದ ಒಡೆಯನ ವಾದ. ಮರಿಗಳಾಗಿದ್ದಾಗ ಎರಡನ್ನೂ ಬೇರ್ಪಡಿಸುವುದು ಕಷ್ಟ, ಅರ್ಥಶಾಸ್ತ್ರದ ಎಂ.ಎ. ಪದವಿ ಅಲ್ಲಿ ನೆರವಿಗೆ ಬರಲಿಲ್ಲ. ದೇಸಿ ಮೀನಿಗೆ ವಿಜ್ಞಾನದಲ್ಲಿ ಹೆಸರಿಟ್ಟವರು ಯಾರೆಂದು ಹುಡುಕಹೊರಟಾಗ ಎದುರಾದವನು ಹಳೆಯ ಪರಿಚಿತನೇ, ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಬುಕಾನನ್ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇವೆಗೆ ಸೇರಿದ. ಟಿಪ್ಪು ಮಡಿದ ಮರುವರ್ಷ, ಗೆದ್ದ ಮೈಸೂರು ಸೀಮೆಯ ಕೃಷಿ, ಕಸುಬು, ವ್ಯಾಪಾರಗಳ ಸಮೀಕ್ಷೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿ ಆತನನ್ನು ಕಳುಹಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, ಪಾಲಾರ್ ದಂಡೆಯ ಬೇತಮಂಗಲದ ಮೂಲಕ ಆತ ಮೈಸೂರು ಸೀಮೆಯನ್ನು ಹೊಕ್ಕ. ಮುಂದೆ ಕೋಲಾರವನ್ನೂ ಕಂಡ. ಕೆರೆ, ಬೆಳೆ, ಕೂಲಿ, ಜಾತಿ ಎಲ್ಲದರ ವಿವರವನ್ನೂ ಸ್ಥಳೀಯರಿಂದಲೇ ಕೇಳಿ, ಅವರ ಪದಗಳಲ್ಲೇ ಬರೆದುಕೊಂಡ. ಉದ್ದೇಶ ಕಂಪನಿಯ ಲಾಭವೇ, ಅದರಲ್ಲಿ ಭ್ರಮೆ ಬೇಡ. ಆದರೂ 1807ರಲ್ಲಿ ಅಚ್ಚಾದ ಆ ಮೂರು ಸಂಪುಟಗಳಷ್ಟು ಶ್ರದ್ಧೆಯ ತಪಾಸಣಾ ವರದಿಯನ್ನು ನನ್ನ ಸೇವಾವಧಿಯಲ್ಲಿ ನಾನು ಓದಿಲ್ಲ, ಬರೆದಂತೂ ಇಲ್ಲ.

ಅದೇ ಅಭ್ಯಾಸವನ್ನು ಆತ ಬಂಗಾಳದ ನದಿಗಳಿಗೂ ಒಯ್ದ. 1807ರಿಂದ 1814ರವರೆಗೆ ಅಲ್ಲಿ ಸಮೀಕ್ಷೆ ನಡೆಸುತ್ತ ಮೀನುಗಳನ್ನು ಪರಿಶೀಲಿಸಿ, ಚಿತ್ರ ಬರೆಯಿಸಿದ. ಹೊಸ ಪ್ರಭೇದಗಳಿಗೆ ಲ್ಯಾಟಿನ್ ಪದ ಹುಡುಕುವ ಬದಲು ಜನರ ಬಾಯಲ್ಲಿದ್ದ ಹೆಸರುಗಳನ್ನೇ ಎಷ್ಟೋ ಕಡೆ ಉಳಿಸಿಕೊಂಡ. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಶಾಸ್ತ್ರೀಯ ನಾಮದಲ್ಲೂ ಅದೇ ಗುರುತಿನಿಂದ ಇರುವುದು ಆತನಿಂದ. ಮೀಸೆಯ ಮೀನಾದ ಮಾಗುರ್ ಕೂಡ ಹಾಗೆಯೇ.

1815ರಲ್ಲಿ ಸ್ವದೇಶಕ್ಕೆ ಮರಳುವಾಗ ಆ ಚಿತ್ರಗಳನ್ನು ಕೊಂಡೊಯ್ಯಲು ಸರ್ಕಾರ ಬಿಡಲಿಲ್ಲ. ವರ್ಷಗಳ ದುಡಿಮೆ ಕಲ್ಕತ್ತೆಯಲ್ಲೇ ಉಳಿಯಿತು. ಆತ ಎದೆಗುಂದದೆ, ಕೈಯಲ್ಲಿದ್ದುದನ್ನೇ ಆಧರಿಸಿ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದ. ಅದರಲ್ಲಿ 250ಕ್ಕೂ ಹೆಚ್ಚು ಪ್ರಭೇದಗಳ ವರ್ಣನೆಯಿದೆ. ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರೂ ಬಂದಿತ್ತು. 1829ರಲ್ಲಿ ತೀರಿಕೊಂಡ.

ಆತನ ಮಾಗುರ್‌ಗೆ ಮಾತ್ರ ಬಹುಕಾಲ ಮಾನ್ಯತೆ ದಕ್ಕಲಿಲ್ಲ. 1758ರಲ್ಲಿ ಲಿನೇಯಸ್ ಹೆಸರಿಸಿದ್ದ ಕ್ಲಾರಿಯಸ್ ಬಟ್ರಾಕಸ್ ಎಂಬ ಪ್ರಭೇದವೇ ಇದೆಂದು ನಮ್ಮ ಪುಸ್ತಕಗಳೆಲ್ಲ ಹೇಳುತ್ತಿದ್ದವು. 2008ರಲ್ಲಿ ತಜ್ಞರು ಆ ಹೆಸರನ್ನು ಜಾವಾ ದ್ವೀಪದ ಮೀನಿಗೆ ನಿಗದಿಗೊಳಿಸಿದ ಮೇಲೆ ಭಾರತದ್ದು ಕ್ಲಾರಿಯಸ್ ಮಾಗುರ್ ಎಂದು ಮತ್ತೆ ಗುರುತಾಯಿತು. ಹೆಸರು ಮರಳುವ ಹೊತ್ತಿಗೆ ಮೀನು ಅಳಿವಿನ ಅಂಚಿಗೆ ಸರಿದಿತ್ತು. ಅದಕ್ಕೆ ಪೈಪೋಟಿ ಒಡ್ಡುತ್ತಿರುವವುಗಳಲ್ಲಿ ಆಫ್ರಿಕದ ಅದರ ದಾಯಾದಿಯೂ ಒಂದು.

ನನ್ನ ಕಡತದ ಮರಿಗಳನ್ನು ಪರೀಕ್ಷೆಗೆ ಕಳುಹಿಸಿದ್ದೆ. ವರದಿ ಬರುವ ಮುನ್ನವೇ ಒಂದು ರಾತ್ರಿಯ ಮಳೆಗೆ ಹೊಂಡದ ಕಟ್ಟೆ ಒಡೆದು, ನೀರೂ ಮೀನೂ ಕೆರೆಯ ಪಾಲಾಗಿದ್ದವು.